ಸಂಶಯಕ್ಕೆ ಜಾಗವಿಲ್ಲದ ಕೋರ್ಟು

ಸೇಡಿನ ಕಥೆಗಳೆಲ್ಲ ಒಂದೇ ಬಗೆಯವಲ್ಲ. ಎರಡು ಮನೆತನಗಳ ಹಗೆ, ಕುಲದ ಮರ್ಯಾದೆಗೆಂದು ಹರಿಯುವ ರಕ್ತ, ಪ್ರೇಮದ್ರೋಹಕ್ಕೆ ತೀರಿಸಿಕೊಳ್ಳುವ ಮುಯ್ಯಿ ಇವುಗಳಿಗೆ ಕೋರ್ಟು ಕಚೇರಿ ಇದ್ದರೂ ಆದೀತು, ಇರದಿದ್ದರೂ ಆದೀತು. ಕಾನೂನನ್ನು ಕೈಗೆತ್ತಿಕೊಂಡ ಒಂಟಿ ಮನುಷ್ಯನ ಥ್ರಿಲ್ಲರ್‌ಗೆ ಮಾತ್ರ ಕೋರ್ಟು ಬೇಕೇ ಬೇಕು. ಅದು ಇರಬೇಕು, ನಾಯಕ ಅದನ್ನು ನಂಬಿರಬೇಕು, ನಂಬಿ ಬಾಗಿಲು ತಟ್ಟಿರಬೇಕು, ಅದು ಅವನ ಕಣ್ಣೆದುರೇ ಕೈಚೆಲ್ಲಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮುಂದೆ ಅವನು ಎತ್ತುವ ಕತ್ತಿ ಬರಿಯ ಕೊಲೆಗಾರನ ಕತ್ತಿಯಾಗುತ್ತದೆ.

ಈ ಕ್ರಮದ ಅಚ್ಚುಕಟ್ಟಾದ ಹಳೆಯ ರೂಪ ಮಹಾಭಾರತದ ವಿರಾಟಪರ್ವದಲ್ಲಿದೆ. ಕೀಚಕನಿಂದ ತಪ್ಪಿಸಿಕೊಂಡು ಸೈರಂಧ್ರಿ ಓಡುವುದು ರಾಜಸಭೆಗೆ. ಅವನು ಅಲ್ಲಿಯೇ, ಎಲ್ಲರೆದುರೇ ಅವಳನ್ನು ಒದೆಯುತ್ತಾನೆ. ಕೀಚಕ ತನ್ನ ಭಾವಮೈದುನ, ಮೇಲಾಗಿ ಸೇನಾಪತಿ, ವಿರಾಟ ಸುಮ್ಮನಿರುತ್ತಾನೆ. ಸಭೆ ಬಾಯಿ ಮುಚ್ಚಿದ ಮೇಲಷ್ಟೇ ಅವಳು ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವುದು. ಕತ್ತಲ ನಾಟ್ಯಶಾಲೆಯಲ್ಲಿ ಕೊಲೆ ನಡೆಯುತ್ತದೆ, ಬೆಳಗಾದ ಮೇಲೆ ಅದರ ಹೊಣೆ ಕಾಣದ ಗಂಧರ್ವರ ಮೇಲೆ ಬೀಳುತ್ತದೆ. ಬಹಿರಂಗ ಅವಮಾನ, ಅಧಿಕಾರಸ್ಥರ ಮೌನ, ಗುಟ್ಟಿನ ಶಿಕ್ಷೆ, ಕೊಂದವನ ಗುರುತು ಸಿಗದ ಏರ್ಪಾಡು, ಇಂದಿನ ಚಿತ್ರಕಥೆಗಾರ ಹೆಣೆಯುವ ಎಳೆಗಳೆಲ್ಲ ಅಲ್ಲಿವೆ.

ಯುರೋಪಿನಲ್ಲಿ ಇದೇ ಎಳೆ 1580ರ ದಶಕದ ಕೊನೆಯ ಹೊತ್ತಿಗೆ ರಂಗಕ್ಕೆ ಬಂತು. ಥಾಮಸ್ ಕಿಡ್ ಬರೆದ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಯ ಹಿರೊನಿಮೊ ಸ್ವತಃ ನ್ಯಾಯಾಧಿಕಾರಿ. ಊರಿನವರ ದೂರುಗಳನ್ನು ಕೇಳಿ ತೀರ್ಪು ಕೊಡುವವನಿಗೆ ತನ್ನ ಮಗನ ಕೊಲೆಯ ದೂರನ್ನು ರಾಜನ ಕಿವಿಗೆ ಮುಟ್ಟಿಸಲಾಗುವುದಿಲ್ಲ. ಅವನು ಕೊನೆಗೆ ಅರಮನೆಯಲ್ಲಿ ಒಂದು ನಾಟಕ ಆಡಿಸಿ, ವೇಷದ ಚೂರಿಯ ಜಾಗದಲ್ಲಿ ನಿಜವಾದ ಚೂರಿ ಇಡುತ್ತಾನೆ. 1844ರಿಂದ 1846ರವರೆಗೆ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಅಲೆಕ್ಸಾಂಡರ್ ಡ್ಯೂಮಾನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಇನ್ನಷ್ಟು ಸಾಮಗ್ರಿ ಕೂಡಿಸಿತು. ಎಡ್ಮಂಡ್ ಡಾಂಟೆಸ್‌ನನ್ನು 14 ವರ್ಷ ಸೆರೆಗೆ ತಳ್ಳುವವನು ಸರ್ಕಾರಿ ಅಭಿಯೋಜಕ ವಿಲ್‌ಫೋರ್. ಅವನಿಗೆ ತನ್ನ ತಂದೆಯ ಗುಟ್ಟು ಮುಚ್ಚಬೇಕಿರುತ್ತದೆ. ಹೊರಬಂದ ಡಾಂಟೆಸ್ ಹೊಸ ಹೆಸರು, ಹೊಸ ಐಶ್ವರ್ಯ, ಶತ್ರುಗಳ ಪಟ್ಟಿ, ಒಬ್ಬೊಬ್ಬರಿಗೂ ಅವರವರ ಪಾಪಕ್ಕೆ ತಕ್ಕ ಬಲೆ ಹಿಡಿದು ಬರುತ್ತಾನೆ. ಪಟ್ಟಿಯ ನಡುವೆ ವಿಲ್‌ಫೋರ್‌ನ ಏನೂ ಅರಿಯದ ಚಿಕ್ಕ ಮಗನೂ ಸತ್ತಾಗ ಅವನ ಕೈ ನಡುಗುತ್ತದೆ. ಪಟ್ಟಿಯ ಕೊನೆಯವನಿಗೆ ಕ್ಷಮೆ ಸಿಗುತ್ತದೆ. ಆ ನಡುಕ ಮುಂದಿನ ಅನುಕರಣೆಗಳಲ್ಲಿ ಬಹುಪಾಲು ಬಿಟ್ಟುಹೋಯಿತು. ಪಟ್ಟಿ ಮಾತ್ರ ಉಳಿದುಕೊಂಡಿತು.

ಹಾಲಿವುಡ್‌ನಲ್ಲಿ ಈ ಬಗೆಯ ಕಥೆಗೆ ಬಹುಕಾಲ ಬೇಲಿ ಇತ್ತು. 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿ ಮಾಡಿದ ನಿರ್ಮಾಣ ಸಂಹಿತೆ, ಆಧುನಿಕ ಕಾಲದಲ್ಲಿ ನಡೆಯುವ ಸೇಡನ್ನು ಸಮರ್ಥಿಸಕೂಡದು ಎಂದು ವಿಧಿಸಿತ್ತು. ಖಡ್ಗ, ಕುದುರೆಗಳ ಕಾಲದ ಸೇಡಿಗೆ ಅಡ್ಡಿಯಿರಲಿಲ್ಲ. 1968ರಲ್ಲಿ ಆ ಸಂಹಿತೆ ಹೋಗಿ ವಯಸ್ಸಿನ ಶ್ರೇಣಿ ಬಂತು. ಮೂರೇ ವರ್ಷಕ್ಕೆ ‘ಡರ್ಟಿ ಹ್ಯಾರಿ’ (1971), ಆರು ವರ್ಷಕ್ಕೆ ‘ಡೆತ್ ವಿಶ್’ (1974) ತೆರೆಗೆ ಬಂದವು. ‘ಡೆತ್ ವಿಶ್’ನ ಮೂಲ ಕಾದಂಬರಿ ಬರೆದ ಬ್ರಯನ್ ಗಾರ್‌ಫೀಲ್ಡ್‌ಗೆ, ತಾನು ಎಚ್ಚರಿಕೆಯೆಂದು ಬರೆದದ್ದನ್ನು ಸಿನಿಮಾ ಶೌರ್ಯವಾಗಿಸಿದ್ದು ಹಿಡಿಸಲಿಲ್ಲ. ಅದಕ್ಕೆ ಉತ್ತರವಾಗಿ 1975ರಲ್ಲಿ ಅವರು ‘ಡೆತ್ ಸೆಂಟೆನ್ಸ್’ ಎಂಬ ಮುಂದುವರಿಕೆ ಬರೆದರು.

ಇಷ್ಟು ವಂಶಾವಳಿ ಸಾಕು. ಈ ಪ್ರಕಾರದ ಅಗುಳಿ ಕೊಲೆಗಳಲ್ಲಿಲ್ಲ, ಕೋರ್ಟು ಸೋಲುವ ದೃಶ್ಯದಲ್ಲಿದೆ. ನೋಡುಗರ ಒಪ್ಪಿಗೆ ದೊರೆಯುವುದು ಅಲ್ಲಿಯೇ. ಆ ಸೋಲು ಹೇಗೆ ಬರುತ್ತದೆ ಎಂಬುದು ಆಯಾ ನೆಲದ ಕಾನೂನನ್ನು ಅವಲಂಬಿಸಿದೆ. ಅದನ್ನು ಗಮನಿಸಿದರೆ ಒಂದೇ ಕಥೆ ದೇಶದಿಂದ ದೇಶಕ್ಕೆ ಯಾಕೆ ಬೇರೆಯಾಗುತ್ತದೆಂದು ತಿಳಿಯುತ್ತದೆ. ‘ಡರ್ಟಿ ಹ್ಯಾರಿ’ಯಲ್ಲಿ ಇನ್‌ಸ್ಪೆಕ್ಟರ್ ವಾರಂಟ್ ಇಲ್ಲದೆ ಕೊಲೆಗಾರನ ಬಿಡಾರಕ್ಕೆ ನುಗ್ಗಿ ಬಂದೂಕು ವಶಪಡಿಸಿಕೊಳ್ಳುತ್ತಾನೆ. ಆ ಬಂದೂಕು ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಆರೋಪಿ ಹೊರಬರುತ್ತಾನೆ. ಅಮೆರಿಕದ ಸುಪ್ರೀಂ ಕೋರ್ಟು 1960ರ ದಶಕದಲ್ಲಿ ಆರೋಪಿಗಳ ಹಕ್ಕುಗಳನ್ನು ವಿಸ್ತರಿಸಿದ್ದರ ಮೇಲೆ ಅಲ್ಲಿನ ಒಂದು ವರ್ಗಕ್ಕಿದ್ದ ಸಿಟ್ಟು ಆ ದೃಶ್ಯದ ಬೆನ್ನಿಗಿದೆ. ಭಾರತದ ಚಿತ್ರಕಥೆಗಾರನಿಗೆ ಈ ತಿರುವು ಒದಗುವುದಿಲ್ಲ. ಇಲ್ಲಿ ಶೋಧನೆಯ ವಿಧಾನ ತಪ್ಪಾಗಿದ್ದರೂ ಸಿಕ್ಕ ವಸ್ತು ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಕೋರ್ಟು ಅದನ್ನು ಪರಿಗಣಿಸಬಹುದು. ಸುಪ್ರೀಂ ಕೋರ್ಟು 1974ರಲ್ಲೇ ಹೀಗೆ ಹೇಳಿದೆ. ಹಾಗಾಗಿ ನಮ್ಮ ಸಿನಿಮಾಗಳಲ್ಲಿ ಮೊಕದ್ದಮೆ ಬೀಳುವುದು ಬೇರೆ ದಾರಿಗಳಲ್ಲಿ. ಸಾಕ್ಷಿ ಉಲ್ಟಾ ಹೊಡೆಯುತ್ತಾನೆ, ಮರಣೋತ್ತರ ವರದಿ ಬದಲಾಗುತ್ತದೆ, ಮಂತ್ರಿಯ ಮನೆಯಿಂದ ಫೋನ್ ಬರುತ್ತದೆ, ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯದ ಕಾನೂನು ಒಪ್ಪದಿರುವುದೂ ಇನ್‌ಸ್ಪೆಕ್ಟರ್ ನಾಯಕನಿಗೆ ಒಳ್ಳೆಯ ಇಕ್ಕಟ್ಟು ತಂದಿಡುತ್ತದೆ. ಅವನಿಗೆ ಸತ್ಯ ಗೊತ್ತು, ರುಜುವಾತು ಮಾಡುವಂತಿಲ್ಲ. ಆ ನಿಯಮ ಬಂದದ್ದು ಠಾಣೆಯಲ್ಲಿ ಹೊಡೆದು ಒಪ್ಪಿಸುವುದನ್ನು ತಡೆಯಲು ಎಂಬ ಮಾತನ್ನು ಮಾತ್ರ ಸಿನಿಮಾ ಅಪರೂಪಕ್ಕೂ ಎತ್ತುವುದಿಲ್ಲ.

2009ರ ‘ಲಾ ಅಬೈಡಿಂಗ್ ಸಿಟಿಜನ್’ ಸೋಲಿನ ದೃಶ್ಯವನ್ನು ಒಂದೇ ಚಿತ್ರಕ್ಕೆ ಇಳಿಸುತ್ತದೆ. ಫಿಲಡೆಲ್ಫಿಯಾದ ಕ್ಲೈಡ್ ಶೆಲ್ಟನ್‌ನ ಮನೆಗೆ ಇಬ್ಬರು ನುಗ್ಗಿ ಹೆಂಡತಿಯನ್ನೂ ಮಗಳನ್ನೂ ಕೊಲ್ಲುತ್ತಾರೆ. ಸಾಕ್ಷ್ಯ ದುರ್ಬಲವೆಂದು ಕಂಡ ಸರ್ಕಾರಿ ವಕೀಲ ನಿಕ್ ರೈಸ್, ಇಬ್ಬರಲ್ಲಿ ಹೆಚ್ಚು ಕ್ರೂರಿಯಾದವನೊಡನೆ ಒಪ್ಪಂದಕ್ಕಿಳಿಯುತ್ತಾನೆ. ಅವನು ಜೊತೆಗಾರನ ವಿರುದ್ಧ ಸಾಕ್ಷಿ ಹೇಳಿ ಅಲ್ಪ ಶಿಕ್ಷೆಯಲ್ಲಿ ಪಾರಾಗುತ್ತಾನೆ, ಜೊತೆಗಾರನಿಗೆ ಮರಣದಂಡನೆ. ಕೋರ್ಟಿನ ಹೊರಗೆ ವಕೀಲ ಆ ಕೊಲೆಗಾರನ ಕೈ ಕುಲುಕುವುದನ್ನು ಕ್ಲೈಡ್ ದೂರದಿಂದ ನೋಡುತ್ತಾನೆ. ಹತ್ತು ವರ್ಷಗಳ ಬಳಿಕ ನಡೆಯುವ ಅಷ್ಟೂ ಹಿಂಸೆಗೆ ಆ ಹಸ್ತಲಾಘವವೇ ಬೀಜ. ಭಾರತದಲ್ಲಿ 2006ರಿಂದ ಇಂಥ ತಪ್ಪೊಪ್ಪಿಗೆ ಚೌಕಾಸಿಗೆ ಅವಕಾಶವಿದ್ದರೂ ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಅದು ಸಲ್ಲದು. ಇಲ್ಲಿ ಆ ಪಾತ್ರಕ್ಕೆ ಹತ್ತಿರದವನೆಂದರೆ ಮಾಫಿ ಸಾಕ್ಷಿ. ಇದೇ ಸಿನಿಮಾದ ಜಾಮೀನು ವಿಚಾರಣೆಯೂ ನೆನಪಿಡತಕ್ಕದ್ದು. ಕ್ಲೈಡ್ ತನ್ನ ಪರ ತಾನೇ ವಾದಿಸಿ ಜಾಮೀನು ಗಿಟ್ಟಿಸುವ ಹಂತಕ್ಕೆ ಬರುತ್ತಾನೆ. ಮರುಗಳಿಗೆ, ಕೊಲೆ ಆರೋಪಿಯನ್ನು ಇಷ್ಟು ಸುಲಭವಾಗಿ ಬಿಡುತ್ತೀರಾ ಎಂದು ನ್ಯಾಯಾಧೀಶರನ್ನೇ ಬೈಯುತ್ತಾನೆ. ಸೇಡಿನವನು ಪಾಠ ಹೇಳುವ ಮೇಷ್ಟ್ರೂ ಆಗಬೇಕೆಂಬ ಕಟ್ಟಳೆ ಇಷ್ಟು ಬಿಚ್ಚಿ ಕಾಣುವ ಇನ್ನೊಂದು ದೃಶ್ಯ ಸಿಗುವುದು ಕಷ್ಟ.

ಕಾನೂನಿನ ಒಳಗೇ ಇರುವ ಪೂರ್ವಗ್ರಹದಿಂದಲೂ ಸೋಲು ಬರಬಹುದು. ಬಿ.ಆರ್. ಚೋಪ್ರಾ ಅವರ ‘ಇನ್ಸಾಫ್ ಕಾ ತರಾಜು’ (1980) ತೋರಿಸಿದ್ದು ಅದನ್ನು. ಅತ್ಯಾಚಾರಕ್ಕೊಳಗಾದ ರೂಪದರ್ಶಿ ಕಟಕಟೆಗೆ ಬಂದರೆ ಪಾಟೀಸವಾಲು ನಡೆಯುವುದು ಅವಳ ನಡತೆಯ ಮೇಲೆ. ಆರೋಪಿ ಬಿಡುಗಡೆಯಾಗಿ ಅವಳ ತಂಗಿಯ ಮೇಲೂ ಎರಗುತ್ತಾನೆ. ಅಕ್ಕ ಅವನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಈ ದೃಶ್ಯ ಉತ್ಪ್ರೇಕ್ಷೆಯಾಗಿರಲಿಲ್ಲ. ಮಥುರಾ ಎಂಬ ಹುಡುಗಿಯ ಅತ್ಯಾಚಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೊಲೀಸರನ್ನು ಖುಲಾಸೆ ಮಾಡಿದ್ದನ್ನು ಪ್ರಶ್ನಿಸಿ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದಿದ್ದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೂ ದೂರುದಾರೆಯ ನಡತೆಯನ್ನು ಎತ್ತಿ ಅವಳ ಮಾತನ್ನು ಅಲ್ಲಗಳೆಯಲು ದಾರಿ ಕೊಡುತ್ತಿದ್ದ ಸಾಕ್ಷ್ಯ ಕಾಯಿದೆಯ ಉಪಕಲಮು ತೊಲಗಲು 2003 ಬರಬೇಕಾಯಿತು. ಈ ಸಿನಿಮಾದ ಇನ್ನೊಂದು ವಿಶೇಷವೆಂದರೆ ಬಂದೂಕು ಹೆಣ್ಣಿನ ಕೈಯಲ್ಲೇ ಇರುವುದು. ಈ ಪ್ರಕಾರದ ಬಹುಪಾಲು ಕಥೆಗಳಲ್ಲಿ ಹೆಂಡತಿ, ತಂಗಿ, ಮಗಳು ಮೊದಲ ಹದಿನೈದು ನಿಮಿಷದಲ್ಲಿ ಸತ್ತು ಗಂಡಸಿನ ಕಥೆಗೆ ಕಾರಣವಾಗುತ್ತಾರೆ, ಅಷ್ಟೆ. ಗೋಡೆಯ ಮೇಲಿನ ಹಾರ ಹಾಕಿದ ಫೋಟೊದ ಆಚೆಗೆ ಅವರಿಗೆ ಬಾಳಿಲ್ಲ. ಇಡೀ ಪ್ರಕಾರದ ಅತ್ಯಂತ ಸೋಮಾರಿಯಾದ, ಅತ್ಯಂತ ಕ್ರೂರವಾದ ರೂಢಿ ಇದು.

ಸೋಲಿನ ದೃಶ್ಯ ಕೆಲಸ ಮಾಡಬೇಕಾದರೆ ಅದಕ್ಕೂ ಮೊದಲು ಒಂದು ಏರ್ಪಾಡು ಆಗಿರಬೇಕು. ಅಪರಾಧವನ್ನು ನೋಡುಗರು ಕಣ್ಣಾರೆ ಕಂಡಿರಬೇಕು. ಯಾವ ನ್ಯಾಯಾಧೀಶರಿಗೂ ಇಲ್ಲದ ಸವಲತ್ತು ಇದು. ಕೋರ್ಟಿಗೆ ಬರುವುದು ಮಹಜರು, ಹೇಳಿಕೆ, ವರದಿ, ಕಾಲ ಕಳೆದು ಮಾಸಿದ ನೆನಪು. ಇವುಗಳ ನಡುವೆ ತಡಕಾಡಿ, ಸಂಶಯ ಉಳಿದರೆ ಅದರ ಲಾಭವನ್ನು ಆರೋಪಿಗೆ ಕೊಡಬೇಕು. ಚಿತ್ರಮಂದಿರದ ಕತ್ತಲಲ್ಲಿ ಕೂತವರಿಗೆ ಸಂಶಯವೇ ಇಲ್ಲ. ಕೊಂದವನ ಮುಖ, ಅವನ ನಗು, ಚೂರಿ ಒರೆಸಿದ ಕರವಸ್ತ್ರ ಎಲ್ಲವನ್ನೂ ಕ್ಯಾಮೆರಾ ಹತ್ತಿರದಿಂದ ತೋರಿಸಿದೆ. ಅದಾದ ಮೇಲೆ ಯಾವ ವಕೀಲ ಎದ್ದು ನಿಂತರೂ ಸುಳ್ಳುಗಾರನಂತೆಯೇ ಕಾಣುತ್ತಾನೆ. ಕೋರ್ಟಿನ ಎಚ್ಚರಿಕೆಯೆಲ್ಲ ಹೇಡಿತನವಾಗಿ ಕಾಣುವುದು ಈ ಒಂದು ಏರ್ಪಾಡಿನಿಂದ.

ಈ ಜೋಡಣೆಯನ್ನು ದಕ್ಷಿಣ ಭಾರತ ಎಷ್ಟು ಪಳಗಿಸಿಕೊಂಡಿತೆಂಬುದಕ್ಕೆ 1981ರಿಂದ 1983ರವರೆಗೆ ಭಾಷೆಯಿಂದ ಭಾಷೆಗೆ ದಾಟಿದ ಒಂದು ಕಥೆ ಸಾಕ್ಷಿ. ಎಸ್.ಎ. ಚಂದ್ರಶೇಖರ್ ತಮಿಳಿನಲ್ಲಿ ವಿಜಯಕಾಂತ್ ಅವರನ್ನಿಟ್ಟು ‘ಸಟ್ಟಂ ಒರು ಇರುಟ್ಟರೈ’ (1981) ತೆಗೆದರು. ತೆಲುಗಿನಲ್ಲಿ ಚಿರಂಜೀವಿ ಅವರೊಡನೆ ಅದು ‘ಚಟ್ಟಾನಿಕಿ ಕಳ್ಳು ಲೇವು’ ಆಯಿತು. ಕನ್ನಡದಲ್ಲಿ ಶಂಕರ್‌ನಾಗ್, ಆರತಿ ನಟಿಸಿದ ‘ನ್ಯಾಯ ಎಲ್ಲಿದೆ’ (1982) ಬಂತು. ಹಿಂದಿಯಲ್ಲಿ ಟಿ. ರಾಮರಾವ್ ನಿರ್ದೇಶಿಸಿದ ‘ಅಂಧಾ ಕಾನೂನ್’ (1983) ರಜನೀಕಾಂತ್ ಅವರ ಮೊದಲ ಹಿಂದಿ ಚಿತ್ರವಾಯಿತು. ಹೆಸರುಗಳನ್ನೇ ನೋಡಿ: ಕಾನೂನು ಕತ್ತಲ ಕೋಣೆ, ಕಾನೂನಿಗೆ ಕಣ್ಣಿಲ್ಲ, ಕಾನೂನು ಕುರುಡು. ಕನ್ನಡದ ಹೆಸರೊಂದೇ ತೀರ್ಪು ಕೊಡದೆ ಪ್ರಶ್ನೆ ಕೇಳುತ್ತದೆ. ತಮಿಳು ಹೆಸರು ಅಣ್ಣಾದೊರೈ ಅವರ ಪ್ರಸಿದ್ಧ ನುಡಿಯ ಅರ್ಧ ಭಾಗ; ಅವರು ಕತ್ತಲ ಕೋಣೆಯ ಜೊತೆಗೆ ವಕೀಲರ ವಾದವೆಂಬ ದೀಪವನ್ನೂ ಇಟ್ಟಿದ್ದರು. ಸಿನಿಮಾ ದೀಪವನ್ನು ಕೈಬಿಟ್ಟು ಕತ್ತಲೆಯನ್ನಷ್ಟೇ ತೆಗೆದುಕೊಂಡಿತು.

ಈ ಕಥೆಯ ಬಲ ಅದರ ಒಡಹುಟ್ಟಿದವರಲ್ಲಿದೆ. ಮನೆಯವರನ್ನು ಕೊಂದ ಮೂವರನ್ನು ಅಕ್ಕ ಕಾನೂನಿನ ಒಳಗಿಂದ ಹಿಡಿಯಬೇಕೆಂದು ಪೊಲೀಸ್ ಸಮವಸ್ತ್ರ ತೊಟ್ಟಿದ್ದಾಳೆ, ತಮ್ಮ ಕಾನೂನಿನ ಸಂದಿಗಳಲ್ಲೇ ನುಸುಳಿ ಒಬ್ಬೊಬ್ಬರನ್ನಾಗಿ ಮುಗಿಸುತ್ತಿದ್ದಾನೆ. ಅವಳು ಹಿಡಿಯಬೇಕಾದ ಕೊಲೆಗಾರ ಮನೆಯಲ್ಲೇ ಇದ್ದಾನೆ. ನೋಡುಗರಲ್ಲಿ ಕಾನೂನಿನ ಮೇಲೆ ಉಳಿದಿರುವ ಅಷ್ಟಿಷ್ಟು ನಿಷ್ಠೆಯನ್ನು ಹೊರಲು ಈ ಪ್ರಕಾರಕ್ಕೆ ಇಂಥ ಒಂದು ಪಾತ್ರ ಬೇಕಾಗುತ್ತದೆ. ಕೆಲವು ಕಥೆಗಳಲ್ಲಿ ಬೆನ್ನಟ್ಟುವ ಪೊಲೀಸಿಗೇ ಸೇಡಿನವನ ಮೇಲೆ ಒಳಗೊಳಗೆ ಮರುಕ ಇರುತ್ತದೆ, ‘ಲಾ ಅಬೈಡಿಂಗ್ ಸಿಟಿಜನ್’ನಲ್ಲಿ ಆ ಭಾರ ಕೈ ಕುಲುಕಿದ ವಕೀಲನದೇ. ಅಕ್ಕನೇ ಆದಾಗ ಎರಡೂ ಕಡೆಯ ನೋವು ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಕಥೆ ಬಿಗಿಯಾಗುತ್ತದೆ.

‘ಅಂಧಾ ಕಾನೂನ್’ ಜನಪ್ರಿಯಗೊಳಿಸಿದ ಒಂದು ಉಪಾಯವನ್ನು ಇಲ್ಲಿ ಪರಿಶೀಲಿಸಬೇಕು. ಅಮಿತಾಭ್ ಬಚ್ಚನ್ ಪಾತ್ರ, ತಾನು ಮಾಡದ ಕೊಲೆಗೆ ಜೈಲು ಅನುಭವಿಸಿ ಹೊರಬಂದು, ಸತ್ತನೆನ್ನಲಾದವನು ಬದುಕಿರುವುದನ್ನು ಕಾಣುತ್ತದೆ. ಶಿಕ್ಷೆ ಮುಗಿದಿದೆ, ಈಗ ಕೊಂದರೆ ಮತ್ತೆ ಶಿಕ್ಷಿಸುವಂತಿಲ್ಲ ಎಂಬುದು ಅವನ ತರ್ಕ. 1999ರಲ್ಲಿ ಹಾಲಿವುಡ್ಡೂ ಇದೇ ಉಪಾಯದ ಮೇಲೆ ‘ಡಬಲ್ ಜೆಪರ್ಡಿ’ ಎಂಬ ಚಿತ್ರ ಕಟ್ಟಿತು. ನಮ್ಮ ಸಂವಿಧಾನದ 20(2)ನೇ ವಿಧಿ ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆಯಾಗದಂತೆ ಕಾಯುತ್ತದೆ, ನಿಜ. ಆದರೆ ಬೇರೊಂದು ದಿನ, ಬೇರೊಂದು ಜಾಗದಲ್ಲಿ ನಡೆದ ಕೊಲೆ ಬೇರೆಯೇ ಅಪರಾಧ. ಹಿಂದಿನ ತೀರ್ಪು ತಪ್ಪೆಂದು ಸಾಬೀತಾದರೆ ಅದು ರದ್ದಾಗಬಹುದೇ ಹೊರತು ಮುಂದಿನ ಕೊಲೆಗೆ ಪರವಾನಗಿಯಾಗುವುದಿಲ್ಲ. ಕಾನೂನಾಗಿ ಟೊಳ್ಳಾದ ಈ ವಾದ ಕಥೆಯಾಗಿ ಗಟ್ಟಿ. ಕೋರ್ಟು ಅವನಿಗೆ ಸಾಲಗಾರನಾಗಿದೆ, ಅವನು ಆ ಸಾಲ ವಸೂಲು ಮಾಡುತ್ತಿದ್ದಾನೆ ಎಂಬ ಲೆಕ್ಕ ಯಾರಿಗೂ ಅರ್ಥವಾಗುವಂಥದ್ದು.

ಲೆಕ್ಕದ ಈ ಭಾಷೆ ಆಕಸ್ಮಿಕವಲ್ಲ. ಕೋರ್ಟನ್ನು ಬಿಟ್ಟು ಹೊರಬಂದವನು ಅದರ ವಿಧಿವಿಧಾನಗಳನ್ನೆಲ್ಲ ಜೊತೆಗೇ ಹೊತ್ತು ತರುತ್ತಾನೆ. ಹೆಸರುಗಳ ಪಟ್ಟಿ ಅವನ ಚಾರ್ಜ್‌ಶೀಟು. ‘ಜಂಜೀರ್’ (1973) ಚಿತ್ರದಲ್ಲಿ ಅಡಗಿ ಕೂತ ಹುಡುಗ ಕೊಲೆಗಾರನ ಮಣಿಕಟ್ಟಿನ ಸರಪಳಿಯಲ್ಲಿ ಬಿಳಿ ಕುದುರೆಯನ್ನು ಕಂಡಿರುತ್ತಾನೆ. ಬೆಳೆದು ದೊಡ್ಡವನಾದ ಮೇಲೂ ಬಿಡದ ಆ ನೆನಪು ಗುರುತು ಪತ್ತೆಯ ಸಾಕ್ಷ್ಯ. ಕೊಲ್ಲುವ ಮುನ್ನ ಸತ್ತವರ ಹೆಸರು ಹೇಳಿ ಮಾಡಿದ ಪಾಪ ನೆನಪಿಸುವುದು, ಆರೋಪ ಓದಿ ಹೇಳಿದಂತೆ. ಎದುರಿನವನು ನಡುಗುತ್ತಾ ಒಪ್ಪಿಕೊಂಡರೆ ತಪ್ಪೊಪ್ಪಿಗೆಯೂ ಆಯಿತು. ಬೆಂಕಿಯಿಟ್ಟವನು ಬೆಂಕಿಯಲ್ಲೇ ಸಾಯುವುದು ಅಪರಾಧಕ್ಕೆ ತಕ್ಕ ಶಿಕ್ಷೆ ಎಂಬ ತತ್ತ್ವದ ಅನುಕರಣೆ. ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ (1934) ಇದನ್ನು ಮುಚ್ಚುಮರೆಯಿಲ್ಲದೆ ಮಾಡುತ್ತದೆ. ಮಗುವನ್ನು ಅಪಹರಿಸಿ ಕೊಂದು ಕೋರ್ಟಿನಿಂದ ತಪ್ಪಿಸಿಕೊಂಡವನಿಗೆ ರೈಲಿನಲ್ಲಿ ಬೀಳುವುದು ಹನ್ನೆರಡು ಇರಿತ, ಜ್ಯೂರಿಯಲ್ಲಿರುವಷ್ಟೇ. ಭಾರತದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗ ಉಳಿಯಲಿಲ್ಲ; ಚಿತ್ರಮಂದಿರದ ಬೆಂಚುಗಳ ಮೇಲೆ ಮಾತ್ರ ಅದು ಕೂತೇ ಇದೆ.

ಈ ಖಾಸಗಿ ಕೋರ್ಟಿನಲ್ಲಿ ಇಲ್ಲದಿರುವುದು ಎರಡೇ: ಆರೋಪಿಯ ಪರ ವಕೀಲ ಮತ್ತು ಮೇಲ್ಮನವಿ. ತಪ್ಪು ನಡೆದಿರಬಹುದು ಎಂಬ ಅನುಮಾನಕ್ಕೆ ಕೋರ್ಟು ಇಟ್ಟಿರುವ ಬಾಗಿಲುಗಳು ಇವೇ ಎರಡು. ಫ್ರಿಟ್ಜ್ ಲ್ಯಾಂಗ್‌ನ ‘ಎಂ’ (1931) ಮಾತ್ರ ಬೇರೆ ದಾರಿ ಹಿಡಿಯಿತು. ಮಕ್ಕಳನ್ನು ಕೊಲ್ಲುವವನನ್ನು ಹಿಡಿದ ಪಾತಕಲೋಕದವರು ಪಾಳುಬಿದ್ದ ಸಾರಾಯಿ ಕಾರ್ಖಾನೆಯಲ್ಲಿ ವಿಚಾರಣೆ ನಡೆಸುತ್ತಾರೆ, ಅಲ್ಲಿ ಅವನ ಪರವಾಗಿ ಒಬ್ಬ ಎದ್ದು ನಿಲ್ಲುತ್ತಾನೆ. ಅವನ ಮಾತಿಗೆ ಕಳ್ಳರೂ ಕೊಲೆಗಾರರೂ ಗಹಗಹಿಸುವಾಗ ನೋಡುಗರಿಗೆ ತಾವು ಯಾರ ಜೊತೆ ನಗುತ್ತಿದ್ದೇವೆ ಎಂಬ ಅಳುಕು ಹುಟ್ಟುತ್ತದೆ. ಅಂಥ ಅಳುಕನ್ನು ಆನಂತರದ ಚಿತ್ರಗಳು ಹೆಚ್ಚಾಗಿ ಬಯಸಲಿಲ್ಲ.

ಮುಕ್ತಾಯಗಳು ಸಂಧಾನದ ಫಲ. ಹಿಂಸೆಯಂಥ ಸಮಾಜವಿರೋಧಿ ಕೃತ್ಯಗಳನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಎಂದು ನಮ್ಮ ಸೆನ್ಸಾರ್ ಮಾರ್ಗಸೂಚಿ ಹೇಳುತ್ತದೆ. ಎಲ್ಲ ಮುಗಿದ ಮೇಲೆ ಜೀಪು ಬರುವುದು, ನಾಯಕ ಕೈ ಚಾಚಿ ಬೇಡಿ ತೊಡಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಯಿತು. ‘ಡರ್ಟಿ ಹ್ಯಾರಿ’ ತನ್ನ ಬಿಲ್ಲೆಯನ್ನು ನೀರಿಗೆ ಎಸೆಯುತ್ತಾನೆ. ‘ಡೆತ್ ವಿಶ್’ನ ನಾಯಕನನ್ನು ಪೊಲೀಸರು ಬಂಧಿಸದೆ ಊರು ಬಿಡಿಸುತ್ತಾರೆ. ಅಂಬರೀಷ್ ಅಭಿನಯದ ‘ಚಕ್ರವ್ಯೂಹ’ (1983) ಹಿಂದಿಗೆ ‘ಇಂಕಿಲಾಬ್’ (1984) ಆಗಿ ಹೋದಾಗ, ಮುಖ್ಯಮಂತ್ರಿಯಾದ ನಾಯಕ ತನ್ನ ಸಂಪುಟವನ್ನೇ ಗುಂಡಿಟ್ಟು ಮುಗಿಸುವವರೆಗೆ ಈ ತರ್ಕ ಹಿಗ್ಗಿತು. ಅಲ್ಲಿ ಕೆಟ್ಟಿರುವುದು ಒಂದು ಮೊಕದ್ದಮೆಯಲ್ಲ, ಇಡೀ ಸರ್ಕಾರ.

ವ್ಯವಸ್ಥೆ ಸೋತಿಲ್ಲವೆಂದು ಯಾರೂ ಹೇಳಲಾರರು. ದೇಶದ ಕೋರ್ಟುಗಳಲ್ಲಿ 5 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ. ಆದರೆ ಈ ಪ್ರಕಾರ ತೋರಿಸುವುದು ಸೋಲಿನ ಒಂದು ಮುಖವನ್ನು, ತಪ್ಪಿತಸ್ಥ ಹೊರಗೆ ಹೋಗುವುದನ್ನು. ಜೈಲುಗಳಲ್ಲಿರುವವರ ಪೈಕಿ ಸುಮಾರು ಮುಕ್ಕಾಲು ಪಾಲು ಇನ್ನೂ ವಿಚಾರಣೆ ಮುಗಿಯದವರು. ತಪ್ಪಿತಸ್ಥರೆಂದು ಯಾವ ಕೋರ್ಟೂ ಹೇಳದ ಅವರು ಒಳಗಿರುವುದೂ ಅದೇ ವಿಳಂಬದಿಂದ. ಈ ಎರಡನೆಯ ಮುಖವನ್ನು ಕಥೆಯಾಗಿಸಿದೊಡನೆ ಪ್ರಕಾರವೇ ಬದಲಾಗುತ್ತದೆ. ‘ಜೈ ಭೀಮ್’ (2021) ಚಿತ್ರದಲ್ಲಿ ಪೊಲೀಸರ ವಶದಲ್ಲಿದ್ದ ಗಂಡ ಕಾಣೆಯಾದಾಗ ಹೆಣ್ಣುಮಗಳು ಹೋಗುವುದು ವಕೀಲನ ಬಳಿಗೆ, ಅವನ ಅಸ್ತ್ರ ಹೇಬಿಯಸ್ ಕಾರ್ಪಸ್ ಅರ್ಜಿ. ಖಾಸಗಿ ಶಿಕ್ಷೆಯನ್ನು ಈಗಾಗಲೇ ಠಾಣೆಯೇ ಕೊಟ್ಟಿರುವಲ್ಲಿ ಇನ್ನೊಂದು ಖಾಸಗಿ ಶಿಕ್ಷೆಗೆ ಅರ್ಥ ಉಳಿಯುವುದಿಲ್ಲ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಿದ್ದಾಗ ಜನ ಪೊಲೀಸರ ಮೇಲೆ ಹೂ ಸುರಿದರು; ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಪೊಲೀಸರ ಹೇಳಿಕೆಯನ್ನು ನಂಬಲಾಗದೆಂದು ಹೇಳಿತು. ಅಲ್ಲಿ ಅಪರಾಧ ನಡೆಯುವುದನ್ನು ಹೂ ಎರಚಿದವರು ಯಾರೂ ನೋಡಿರಲಿಲ್ಲ, ಸಿನಿಮಾದಲ್ಲಿ ಮಾತ್ರ ನೋಡುಗರು ಅದನ್ನು ಕಂಡಿರುತ್ತಾರೆ.

ನೋಡುಗರ ಆ ಖಚಿತತೆಯನ್ನು ಕಿತ್ತುಕೊಂಡ ಚಿತ್ರಗಳೂ ಇವೆ. ಈ ಪ್ರಕಾರದ ಗಟ್ಟಿ ಕೆಲಸ ನಡೆದಿರುವುದು ಅವುಗಳಲ್ಲೇ. ‘ದಿ ಆಕ್ಸ್-ಬೋ ಇನ್ಸಿಡೆಂಟ್’ (1943) ಚಿತ್ರದಲ್ಲಿ ಗುಂಪು ಮೂವರನ್ನು ನೇಣಿಗೇರಿಸಿದ ಮೇಲೆ ಅವರು ನಿರಪರಾಧಿಗಳೆಂದು ತಿಳಿಯುತ್ತದೆ. ಡರ್ಟಿ ಹ್ಯಾರಿಯಾಗಿ ನಟಿಸಿದ ಕ್ಲಿಂಟ್ ಈಸ್ಟ್‌ವುಡ್ 32 ವರ್ಷಗಳ ಬಳಿಕ ನಿರ್ದೇಶಿಸಿದ ‘ಮಿಸ್ಟಿಕ್ ರಿವರ್’ (2003) ಚಿತ್ರದಲ್ಲಿ ಮಗಳನ್ನು ಕಳೆದುಕೊಂಡ ತಂದೆ ಕೊಲ್ಲುವುದು ತಪ್ಪು ಮನುಷ್ಯನನ್ನು, ಅದೂ ಬಾಲ್ಯದ ಗೆಳೆಯನನ್ನು. ‘ಪ್ರಿಸನರ್ಸ್’ (2013) ಚಿತ್ರದ ತಂದೆ, ಮಗುವನ್ನು ಕದ್ದವನೆಂದು ತಾನು ನಂಬಿದ ಬುದ್ಧಿಮಾಂದ್ಯ ಯುವಕನನ್ನು ಕೂಡಿಹಾಕಿ ಹಿಂಸಿಸುತ್ತಾನೆ. ಇಲ್ಲೆಲ್ಲ ಕ್ಯಾಮೆರಾ ಅಪರಾಧದ ಹೊತ್ತಿಗೆ ಬೇರೆಡೆ ತಿರುಗಿರುತ್ತದೆ, ನೋಡುಗರೂ ನ್ಯಾಯಾಧೀಶರಷ್ಟೇ ಕುರುಡರಾಗಿ ಊಹಿಸುತ್ತಾ ಕೂರುತ್ತಾರೆ.

ಅರ್ಜೆಂಟೀನಾದ ‘ದಿ ಸೀಕ್ರೆಟ್ ಇನ್ ದೇರ್ ಐಸ್’ (2009) ಸಂಶಯದ ದಾರಿ ಹಿಡಿಯುವುದಿಲ್ಲ. ಅಲ್ಲಿ ಕೊಲೆಗಾರ ಯಾರೆಂಬುದು ಖಚಿತ. ಎಳೆ ಹೆಂಡತಿಯನ್ನು ಕಳೆದುಕೊಂಡ ಬ್ಯಾಂಕ್ ನೌಕರ ಮೊರಾಲೆಸ್‌ಗೆ ಬೇಕಿದ್ದದ್ದು ಸಾವಲ್ಲ, ಜೀವಾವಧಿ. ಕೊಲೆಗಾರನನ್ನು 1970ರ ದಶಕದ ಸರ್ಕಾರ ತನ್ನ ಹಿಂಸೆಯ ಕೆಲಸಕ್ಕೆ ಬೇಕೆಂದು ಜೈಲಿನಿಂದ ಬಿಡಿಸುತ್ತದೆ. ಸುಮಾರು 25 ವರ್ಷಗಳ ಬಳಿಕ, ಆ ತನಿಖೆ ನಡೆಸಿದ್ದ ಕೋರ್ಟ್ ನೌಕರ ಎಸ್ಪೊಸಿಟೊ ಊರಾಚೆಯ ಮೊರಾಲೆಸ್‌ನ ಮನೆಗೆ ಬರುತ್ತಾನೆ. ರಾತ್ರಿ ಹಿತ್ತಲಿನ ಕಟ್ಟಡದೊಳಗೆ ಕಂಬಿಗಳ ಹಿಂದೆ ಮುದುಕನಾಗಿರುವ ಆ ಕೊಲೆಗಾರ ಕಾಣಿಸುತ್ತಾನೆ. ಮೊರಾಲೆಸ್ ಬ್ರೆಡ್ಡು, ನೀರು ಇಡುತ್ತಾನೆ. ನೀವೇ ಜೀವಾವಧಿ ಎಂದಿದ್ದಿರಿ ಎಂದು ಎಸ್ಪೊಸಿಟೊಗೆ ನೆನಪಿಸುತ್ತಾನೆ. ಕೈದಿ ಕಂಬಿಯತ್ತ ಬಂದು ಎಸ್ಪೊಸಿಟೊವನ್ನು ಬೇಡಿಕೊಳ್ಳುತ್ತಾನೆ: ಬಿಡುಗಡೆಗಾಗಿ ಅಲ್ಲ, ತನ್ನೊಡನೆ ಒಂದು ಮಾತನ್ನಾದರೂ ಆಡುವಂತೆ ಮೊರಾಲೆಸ್‌ಗೆ ಹೇಳಿ ಎಂದು.